ಹ್ಯಾಮಿಲ್ಟನ್‌ಗೆ ಬರುವ ಮುಂಚೆ ಈ ನೆಲದ ಕತೆ ಕೇಳು

ನೀನು ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಸಲಿಗೆಯಿಂದಲೇ ಬರೆಯುತ್ತೇನೆ. ನಿನ್ನ ಯಜಮಾನರಿಗೆ ಹ್ಯಾಮಿಲ್ಟನ್‌ನ ರುವಾಕುರಾದಲ್ಲಿ, ಗೋಡೌನ್ ಒಂದರಲ್ಲಿ ಕೆಲಸ ಸಿಕ್ಕಿದೆ. ಜನವರಿಯಲ್ಲಿ ಸಾಗರ ಬಿಟ್ಟು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನ್ಯೂಜಿಲೆಂಡ್‌ಗೆ ಹೊರಡುತ್ತಿದ್ದೀರಿ. ಬಾಡಿಗೆ, ಚಳಿ, ದಿನಸಿ ಎಲ್ಲ ವಿಚಾರಿಸಿ ಕೊನೆಗೆ ಹೀಗೆ ಕೇಳಿದ್ದೀಯ: "ಅದು ತೀರ ಹೊಸ ದೇಶ ಅಲ್ವಾ ಅಕ್ಕ, ಅಲ್ಲಿ ಇತಿಹಾಸ ಅಂತ ಏನಿದೆ? ಶಾಲೆಯಲ್ಲಿ ಮಾವೋರಿ ಭಾಷೆ ಯಾಕೆ ಕಲಿಸ್ತಾರೆ? ಮಾವೋರಿಗಳಿಗೆ ಸರ್ಕಾರ ಎಲ್ಲ ಬಿಟ್ಟಿ ಕೊಡುತ್ತೆ ಅಂತಾರೆ, ನಿಜವಾ? ನಾವು ಹೊರಗಿನವರು, ಇದರಲ್ಲೆಲ್ಲ ತಲೆ ಹಾಕಬೇಕಾ?"

ಬಾಡಿಗೆ, ದಿನಸಿಯ ವಿಷಯ ನಾಳೆ ಬರೆಯುತ್ತೇನೆ. ದಪ್ಪ ಕಂಬಳಿ ಮಾತ್ರ ಹೊತ್ತು ತರಬೇಡ, ಇಲ್ಲೇ ಸಿಗುತ್ತದೆ. ಈ ಕೊನೆಯ ಪ್ರಶ್ನೆಗಳಿಗೆ ಇವತ್ತೇ ಉತ್ತರ ಕೊಡಬೇಕು ಅನ್ನಿಸಿತು. ಯಾಕಂದ್ರೆ ನೀನು ಬರುತ್ತಿರುವ ಊರೇ ಅಂಥದ್ದು.

ಹೊಸ ದೇಶ ಅನ್ನುವುದು ಒಂದು ರೀತಿಯಲ್ಲಿ ನಿಜ. ಮನುಷ್ಯರು ಕಾಲಿಟ್ಟ ದೊಡ್ಡ ಭೂಭಾಗಗಳಲ್ಲಿ ಇದು ಬಹಳ ಕೊನೆಯದು. ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಹಿರಿಯರು ಪಾಲಿನೇಷ್ಯಾದ ದ್ವೀಪಗಳಿಂದ ದೋಣಿಗಳಲ್ಲಿ ಇಲ್ಲಿಗೆ ಬಂದದ್ದು ಸುಮಾರು 13ನೇ ಶತಮಾನದಲ್ಲಿ, ಅಂದರೆ ನಮ್ಮಲ್ಲಿ ಹೊಯ್ಸಳರು ಸೋಮನಾಥಪುರದ ದೇವಸ್ಥಾನ ಕಟ್ಟುತ್ತಿದ್ದ ಕಾಲ. ಹೊಸದಾಗಿರುವುದು ಇಲ್ಲಿನ ಸರ್ಕಾರ. 1840ರ ಫೆಬ್ರವರಿ 6ರಂದು ವೈತಂಗಿ ಎಂಬಲ್ಲಿ ಬ್ರಿಟನ್ ರಾಣಿಯ ಪರವಾಗಿ ವಿಲಿಯಂ ಹಾಬ್ಸನ್ ಎಂಬ ಅಧಿಕಾರಿ ಮಾವೋರಿ ಮುಖಂಡರ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಮುಂದಿನ ಕೆಲವು ತಿಂಗಳಲ್ಲಿ 500ಕ್ಕೂ ಹೆಚ್ಚು ಮುಖಂಡರು ಸಹಿ ಹಾಕಿದರು. ಹೆಚ್ಚಿನವರು ಸಹಿ ಹಾಕಿದ್ದು ಮಾವೋರಿ ಪ್ರತಿಗೆ. ಜಗಳ ಇರುವುದೇ ಅಲ್ಲಿ. ಇಂಗ್ಲಿಷ್ ಪ್ರತಿಯಲ್ಲಿ ಅವರು ಪೂರ್ತಿ ಒಡೆತನವನ್ನೇ ರಾಣಿಗೆ ಒಪ್ಪಿಸಿದರು ಅಂತಿದೆ. ಮಾವೋರಿ ಪ್ರತಿಯಲ್ಲಿ ಆಡಳಿತ ನಡೆಸುವ ಹಕ್ಕು ರಾಣಿಗೆ, ತಮ್ಮ ನೆಲ, ಊರು, ಆಸ್ತಿಗಳ ಮೇಲಿನ ಅಧಿಕಾರ ತಮಗೇ ಅಂತಿದೆ.

ಆಗ ಇಲ್ಲಿದ್ದ ಬಿಳಿಯರು ಸುಮಾರು 2 ಸಾವಿರ ಅಷ್ಟೇ. ಅತ್ತ ವಲಸಿಗರನ್ನು ಇಲ್ಲಿಗೆ ಕಳಿಸುತ್ತಿದ್ದ ನ್ಯೂಜಿಲೆಂಡ್ ಕಂಪನಿ ಲಂಡನ್ನಿನಲ್ಲಿ ಕೂತು, ಇನ್ನೂ ಸರಿಯಾಗಿ ಕೊಂಡೇ ಇರದ ಜಮೀನನ್ನು ಸೈಟು ಮಾಡಿ ಮಾರುತ್ತಿತ್ತು. ಹಡಗುಗಳ ಮೇಲೆ ಹಡಗು ಬಂದವು. 1858ರ ಹೊತ್ತಿಗೆ ತಲೆ ಎಣಿಸಿದರೆ ಮಾವೋರಿಗಳಿಗಿಂತ ವಲಸಿಗರೇ ಜಾಸ್ತಿ.

ಇನ್ನು ನಿನ್ನ ಊರಿನ ಕತೆಗೆ ಬರುತ್ತೇನೆ. ಹ್ಯಾಮಿಲ್ಟನ್ ಇರುವುದು ವೈಕಾಟೊ ನದಿಯ ದಂಡೆಯಲ್ಲಿ. ಈ ಸೀಮೆಯ ಮಾವೋರಿಗಳು ಗೋಧಿ ಬೆಳೆದು, ತಮ್ಮದೇ ಹಿಟ್ಟಿನ ಗಿರಣಿ ಇಟ್ಟುಕೊಂಡು, ಆಕ್ಲೆಂಡ್ ಪೇಟೆಗೆ ಧಾನ್ಯ ಸಾಗಿಸುತ್ತಿದ್ದರು. ಇನ್ನು ನೆಲ ಮಾರುವುದು ಬೇಡ ಅಂತ ಹಲವು ಕುಲಗಳು ಒಂದಾಗಿ 1858ರಲ್ಲಿ ಪೊತಾತೌ ತೆ ಫೆರೊಫೆರೊ ಅವರನ್ನು ತಮ್ಮ ರಾಜನನ್ನಾಗಿ ಮಾಡಿಕೊಂಡವು. ಸರ್ಕಾರಕ್ಕೆ ಅದು ದಂಗೆಯಂತೆ ಕಂಡಿತು. 1863ರ ಜುಲೈನಲ್ಲಿ ಸೈನ್ಯ ಮಂಗಾತಾಫಿರಿ ಎಂಬ ಹಳ್ಳ ದಾಟಿ ವೈಕಾಟೊ ಒಳಗೆ ನುಗ್ಗಿತು. ಅದೇ ವರ್ಷ ಕಾನೂನು ಮಾಡಿ ಸುಮಾರು 12 ಲಕ್ಷ ಎಕರೆ ನೆಲವನ್ನು ಮುಟ್ಟುಗೋಲು ಹಾಕಿಕೊಳ್ಳಲು ದಾರಿ ಮಾಡಿಕೊಂಡರು. ದಂಗೆಗೆ ಶಿಕ್ಷೆ ಅಂತ ಹೆಸರು. ಆದರೆ ಸರ್ಕಾರಕ್ಕೆ ಸಹಾಯ ಮಾಡಿದ ಮಾವೋರಿಗಳ ಜಮೀನೂ ಹೋಯಿತು.

1864ರ ಆಗಸ್ಟ್‌ನಲ್ಲಿ ಸೈನಿಕರು ನದಿಯಲ್ಲಿ ಹಬೆದೋಣಿಯಲ್ಲಿ ಬಂದು ಇಲ್ಲಿ ಇಳಿದರು. ಒಬ್ಬ ಸಾಮಾನ್ಯ ಸಿಪಾಯಿಗೆ ಊರಲ್ಲಿ 1 ಎಕರೆ, ಹೊರಗೆ 50 ಎಕರೆ. ಹ್ಯಾಮಿಲ್ಟನ್ ಅನ್ನುವ ಊರು ಹುಟ್ಟಿದ್ದು ಹೀಗೆ. ಆ ಹಬೆದೋಣಿಯ ಹೆಸರು ರಂಗಿರಿರಿ, ಅದರ ತುಕ್ಕು ಹಿಡಿದ ಮೈಯನ್ನು ನದಿ ಪಕ್ಕದ ಮೆಮೋರಿಯಲ್ ಪಾರ್ಕಿನಲ್ಲಿ ಇಟ್ಟಿದ್ದಾರೆ. ಮಕ್ಕಳನ್ನು ಆಡಿಸಲು ಹೋದಾಗ ನೋಡು, ಎಷ್ಟು ಚಿಕ್ಕದು! ಊರಿನ ಹೆಸರು ಕ್ಯಾಪ್ಟನ್ ಜಾನ್ ಹ್ಯಾಮಿಲ್ಟನ್ ಅವನದ್ದು. ತೌರಂಗಾ ಎಂಬಲ್ಲಿ ನಡೆದ ಯುದ್ಧದಲ್ಲಿ ಸತ್ತವನು. ಊರಿನ ನಡುವೆ ಅವನ ಪ್ರತಿಮೆ ಇತ್ತು, 2020ರ ಜೂನ್‌ನಲ್ಲಿ ನಗರಸಭೆಯೇ ಕ್ರೇನು ತಂದು ತೆಗೆಸಿತು. ಊರಿನ ಹಳೆಯ ಹೆಸರು ಕಿರಿಕಿರಿರೋವಾ. ಕೇಳಿದರೆ ನಮ್ಮ ಮಕ್ಕಳಿಗೆ ನಗು ಬರಬಹುದು. ಶಾಲೆಯಲ್ಲಿ ನಗಬಾರದು ಅಂತ ಮೊದಲೇ ಹೇಳಿಡು.

ಸಾಗರದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿಗೆ ಮುಳುಗಡೆಯಾಗಿ ಊರು ಬಿಟ್ಟವರು ಹಕ್ಕುಪತ್ರಕ್ಕಾಗಿ ಎಷ್ಟು ವರ್ಷ ಕಚೇರಿ ಅಲೆದರು ಅಂತ ನೀನು ಮನೆಯಲ್ಲೇ ಕೇಳಿ ಬೆಳೆದಿರುತ್ತೀಯ. ಅಜ್ಜನ ಕಾಲದ ನೆಲದ ಮಾತು ಮೊಮ್ಮಗನ ಬಾಯಲ್ಲೂ ಬರುತ್ತದೆ. ಇಲ್ಲಿ ಅದು 130 ವರ್ಷ ನಡೆಯಿತು. 1995ರಲ್ಲಿ ಸರ್ಕಾರ ಈ ಸೀಮೆಯ ವೈಕಾಟೊ-ತೈನುಯಿ ಕುಲದ ಜೊತೆ ರಾಜಿಗೆ ಬಂತು. ಬೆಲೆ ಕಟ್ಟಿದ್ದು 17 ಕೋಟಿ ಡಾಲರು, ಸ್ವಲ್ಪ ಹಣ, ಸ್ವಲ್ಪ ನೆಲ. ಆ ಕಾನೂನಿನಲ್ಲೇ ಕ್ಷಮಾಪಣೆಯೂ ಇದೆ, ಅದಕ್ಕೆ ರಾಣಿ ಎಲಿಜಬೆತ್ ಸ್ವತಃ ಇಲ್ಲಿಗೆ ಬಂದಿದ್ದಾಗ ಸಹಿ ಹಾಕಿದರು.

"ಬಿಟ್ಟಿ" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ವಾಪಸ್ ಬಂದ ನೆಲದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಕುಲದವರು ಅದನ್ನು ವಿಶ್ವವಿದ್ಯಾಲಯಕ್ಕೇ ಗುತ್ತಿಗೆಗೆ ಬಿಟ್ಟಿದ್ದಾರೆ. ತೆ ರಾಪಾದ ಹಳೆಯ ವಾಯುಪಡೆ ನೆಲೆಯೂ ಹೀಗೇ ಬಂತು. ಅಲ್ಲಿ ಈಗ 'ದಿ ಬೇಸ್' ಅನ್ನುವ ದೊಡ್ಡ ಮಾಲ್ ಇದೆ, ಬಂದ ವಾರದಲ್ಲೇ ಪಾತ್ರೆ, ಹಾಸಿಗೆ ಅಂತ ನೀನೂ ಹೋಗುತ್ತೀಯ. ಅಷ್ಟೇ ಯಾಕೆ, ರುವಾಕುರಾದಲ್ಲಿ ರೈಲಿನಿಂದ ಕಂಟೇನರ್ ಇಳಿಸುವ ಆ ದೊಡ್ಡ ಯಾರ್ಡ್ ಎದ್ದಿರುವುದೂ ತೈನುಯಿ ನೆಲದ ಮೇಲೇ. ನಿನ್ನ ಯಜಮಾನರ ಸಂಬಳ ಒಂದು ಲೆಕ್ಕದಲ್ಲಿ ಆ 1995ರ ರಾಜಿಯಿಂದ ಬರುತ್ತದೆ. ಕಸಿದುಕೊಂಡದ್ದರಲ್ಲಿ ಒಂದು ಚೂರು ಹಿಂದಿರುಗಿಸಿದ್ದನ್ನು ಬಿಟ್ಟಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಇಷ್ಟು ವರ್ಷಗಳಲ್ಲಿ ದೇಶದ ಎಲ್ಲ ಕುಲಗಳ ಜೊತೆಗಿನ ಇಂಥ ರಾಜಿಗಳಿಗೆ ಕೊಟ್ಟ ಒಟ್ಟು ಹಣಕ್ಕಿಂತ, ಒಂದೇ ವರ್ಷದಲ್ಲಿ ಸರ್ಕಾರ ಹಿರಿಯರ ಪಿಂಚಣಿಗೆ ಕೊಡುವ ಹಣ ಎಷ್ಟೋ ಪಟ್ಟು ಜಾಸ್ತಿ.

ನಮ್ಮವರ ಹಬ್ಬದೂಟಗಳಲ್ಲಿ ಇಂಥ ಮಾತು ನಿನ್ನ ಕಿವಿಗೆ ಬಿದ್ದೇ ಬೀಳುತ್ತದೆ. "ಅವರು ಸೋಮಾರಿಗಳು, ಜೈಲಿನಲ್ಲೆಲ್ಲ ಅವರೇ" ಅಂತ. ಜನಸಂಖ್ಯೆಯಲ್ಲಿ ಆರರಲ್ಲಿ ಒಂದು ಪಾಲು ಇರುವ ಮಾವೋರಿಗಳು ಜೈಲಿನಲ್ಲಿ ಅರ್ಧದಷ್ಟಿರುವುದು ನಿಜ. ಅವರ ಸರಾಸರಿ ಆಯಸ್ಸು ಬೇರೆಯವರಿಗಿಂತ ಸುಮಾರು 7 ವರ್ಷ ಕಡಿಮೆ ಅನ್ನುವುದೂ ನಿಜ. ಆದರೆ ಅದರ ಹಿಂದಿನ ಕತೆಯನ್ನೂ ನೋಡಬೇಕು. ಇಡೀ ದೇಶದ ಲೆಕ್ಕದಲ್ಲಿ ಯುದ್ಧದಲ್ಲಿ ಹೋದದ್ದು ಸ್ವಲ್ಪ ನೆಲ, ಆಮೇಲೆ ಕೋರ್ಟಿನಲ್ಲಿ ಹೋದದ್ದು ಜಾಸ್ತಿ. 1865ರಲ್ಲಿ ಬಂದ ನೆಲದ ನ್ಯಾಯಾಲಯ ಇಡೀ ಕುಲದ ಜಮೀನನ್ನು ಹತ್ತು ಜನರ ಹೆಸರಿಗೆ ಪಟ್ಟಾ ಮಾಡಿಕೊಡುತ್ತಿತ್ತು. ಆ ಹತ್ತು ಜನ ಸಾಲಕ್ಕೆ ಸಿಕ್ಕಿಬಿದ್ದರೆ ಎಲ್ಲರ ನೆಲವೂ ಹೋಗುತ್ತಿತ್ತು. ಶಾಲೆಯಲ್ಲಿ ಮಾವೋರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಬರುವ ಭಾಷೆ ಮೊಮ್ಮಕ್ಕಳಿಗೆ ಬರದೆ ಹೋಯಿತು. 1982ರಲ್ಲಿ ಅವರೇ ಸೇರಿ ಮಾವೋರಿಯಲ್ಲೇ ನಡೆಯುವ ಶಿಶುವಿಹಾರಗಳನ್ನು ಶುರು ಮಾಡಿದರು, 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಶಾಲೆಯಲ್ಲಿ ಯಾಕೆ ಕಲಿಸುತ್ತಾರೆ ಅಂತ ಕೇಳಿದೆಯಲ್ಲ, ಇದಕ್ಕೆ.

ನಾವು ಹೊರಗಿನವರು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ವಲಸಿಗರು ಇಲ್ಲಿ ಬಂದು ನೆಲೆಸಲು ಮೂಲ ದಾರಿ ತೆರೆದದ್ದೇ ವೈತಂಗಿ ಒಪ್ಪಂದ. ಬ್ರಿಟಿಷರ ಹಿಂದೆ ಆ ದಾರಿಯಲ್ಲಿ ಬಂದ ನಮ್ಮಂಥವರಿಗೂ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಚೀನೀಯರ ಮೇಲೆ 1881ರಲ್ಲಿ 10 ಪೌಂಡ್ ತಲೆಗಂದಾಯ ಹಾಕಿದರು, 1896ರಲ್ಲಿ ಅದು 100 ಪೌಂಡ್ ಆಯಿತು. 1899ರ ಕಾನೂನಿನ ಪ್ರಕಾರ ಹೊರಗಿನವರು ಯುರೋಪಿನ ಭಾಷೆಯೊಂದರಲ್ಲಿ ಅರ್ಜಿ ಬರೆಯಬೇಕಿತ್ತು. ಭಾರತೀಯರು ಅದನ್ನೂ ಕಲಿತು ಬಂದಾಗ, 1920ರಲ್ಲಿ ಯಾರಿಗೆ ಪರವಾನಗಿ ಅನ್ನುವುದನ್ನು ಮಂತ್ರಿಯ ಇಷ್ಟಕ್ಕೇ ಬಿಟ್ಟರು. ನೀನು ಆಕ್ಲೆಂಡ್ ವಿಮಾನ ನಿಲ್ದಾಣದಿಂದ ಹ್ಯಾಮಿಲ್ಟನ್‌ಗೆ ಬರುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಪುಕೆಕೋಹೆ ಅಂತ ಊರು ಸಿಗುತ್ತದೆ. ಕೆಂಪು ಮಣ್ಣು, ಈರುಳ್ಳಿ, ಆಲೂಗಡ್ಡೆ. ಅಲ್ಲಿ ಭಾರತೀಯರು ತರಕಾರಿ ಬೆಳೆಯಲು ಶುರು ಮಾಡಿದಾಗ 1920ರ ದಶಕದಲ್ಲಿ ಬಿಳಿಯರು 'ವೈಟ್ ನ್ಯೂಜಿಲೆಂಡ್ ಲೀಗ್' ಅಂತ ಸಂಘವನ್ನೇ ಕಟ್ಟಿದರು. ಅದೇ ಊರಿನ ಕ್ಷೌರದಂಗಡಿಯಲ್ಲಿ, ಸಿನಿಮಾ ಟಾಕೀಸಿನ ಒಳ್ಳೆಯ ಸೀಟುಗಳಲ್ಲಿ ಮಾವೋರಿಗಳಿಗೂ ಜಾಗ ಇರಲಿಲ್ಲ, ಭಾರತೀಯರಿಗೂ ಇರಲಿಲ್ಲ. ಇದನ್ನು ತಿಳಿದವರು ಮಾವೋರಿಗಳನ್ನು ಹಗುರವಾಗಿ ಆಡಿಕೊಳ್ಳುವುದನ್ನು ಕೇಳಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇಂಥ ದೇಶದವರು ಬರಬೇಕು, ಇಂಥವರು ಬೇಡ ಅನ್ನುವ ಪಟ್ಟಿ ಹೋದದ್ದು 1980ರ ದಶಕದ ಕೊನೆಗೆ. 1991ರಲ್ಲಿ ಓದು, ಅನುಭವಕ್ಕೆ ಅಂಕ ಕೊಡುವ ಪದ್ಧತಿ ಬಂತು. ನಾವೆಲ್ಲ ಬಂದದ್ದು ಆಮೇಲೆ. 2023ರ ಜನಗಣತಿಯಲ್ಲಿ ಭಾರತೀಯ ಮೂಲದವರು ಸುಮಾರು 2.9 ಲಕ್ಷ.

ಇನ್ನು ನಿನ್ನ ಮಕ್ಕಳು. ಶಾಲೆಗೆ ಸೇರಿದ ಮೊದಲ ದಿನಗಳಲ್ಲೇ ಪೋಫಿರಿ ಅಂತ ಸ್ವಾಗತ ಇರುತ್ತದೆ. ಹಳೆಯ ಮಕ್ಕಳು ಒಂದು ಕಡೆ, ಹೊಸಬರು ಮತ್ತು ಅವರ ಅಪ್ಪ ಅಮ್ಮ ಎದುರು. ಒಬ್ಬ ಹೆಂಗಸು ದನಿ ಎತ್ತಿ ಕರೆಯುತ್ತಾರೆ, ಆಗ ನಿಧಾನವಾಗಿ ಒಳಗೆ ನಡೆದು ಹೋಗಬೇಕು. ಸುಮ್ನೆ ಮುಂದಿನವರನ್ನು ನೋಡಿ ಹಾಗೇ ಮಾಡಿದರೆ ಸಾಕು. ಮಾವೋರಿಗಳ ಸಭಾಮನೆಗೆ ಹೋದರೆ ಚಪ್ಪಲಿ ಹೊರಗೆ ಬಿಡಬೇಕು. ದಿಂಬಿನ ಮೇಲೆ ಕೂರಬಾರದು, ಅದು ತಲೆ ಇಡುವ ಜಾಗ. ಊಟದ ಮೇಜಿನ ಮೇಲಂತೂ ಕೂರಲೇಬಾರದು. ಇದೆಲ್ಲ ನಮ್ಮಜ್ಜಿಯರೂ ಹೇಳುತ್ತಿದ್ದದ್ದೇ, ಅಲ್ವಾ?

ಪೆಪೆಹಾ ಅಂತ ಇನ್ನೊಂದಿದೆ, ತನ್ನನ್ನು ಪರಿಚಯಿಸಿಕೊಳ್ಳುವ ರೀತಿ. ಮೊದಲು ನನ್ನ ಬೆಟ್ಟ ಇದು, ನನ್ನ ನದಿ ಇದು ಅಂತ ಹೇಳಿ, ಹಿರಿಯರು ಬಂದ ದೋಣಿ, ಕುಲ ಎಲ್ಲ ಹೇಳಿ, ತನ್ನ ಹೆಸರನ್ನು ಕಟ್ಟಕಡೆಗೆ ಹೇಳುವುದು. ನನ್ನ ಮಗಳಿಗೆ ಟೀಚರ್ ಇದನ್ನು ಬರೆದು ತಾ ಅಂದಾಗ ಅವಳು ವೈಕಾಟೊ ನದಿಯ ಹೆಸರು ಬರೆದಿದ್ದಳು. ಅದು ಇಲ್ಲಿನ ಕುಲದವರ ನದಿ, ನಿನ್ನ ಹಿರಿಯರ ನದಿ ಯಾವುದು ಅಂತ ಟೀಚರ್ ಮೆತ್ತಗೆ ಕೇಳಿದರಂತೆ. ಆ ಸಂಜೆ ಅವಳು ಊರಿಗೆ ಫೋನ್ ಮಾಡಿ ಅಜ್ಜನ ಹತ್ತಿರ ತುಂಗೆಯ ವಿಷಯ ಒಂದು ಗಂಟೆ ಕೇಳಿದಳು. ನಿನ್ನ ಮಕ್ಕಳಿಗೆ ಶರಾವತಿ ಇದೆ, ಹೊರಡುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ ಹೊಳೆ ತೋರಿಸು. ಉಚ್ಚಾರಣೆ ಕಷ್ಟ ಆಗುವುದಿಲ್ಲ. ನಮ್ಮ ಹಾಗೆಯೇ ಅ, ಎ, ಇ, ಒ, ಉ ಸ್ವರಗಳು, ಅವಕ್ಕೆ ಹ್ರಸ್ವ ದೀರ್ಘ ಬೇರೆ ಬೇರೆ.

ದೊಡ್ಡ ಮಕ್ಕಳಿಗೆ ಈ ಯುದ್ಧಗಳ ಪಾಠವೂ ಇರುತ್ತದೆ. ಅದರ ಹಿಂದೆಯೂ ಇಲ್ಲಿನ ಸೀಮೆಯ ಮಕ್ಕಳೇ ಇದ್ದಾರೆ. ಹ್ಯಾಮಿಲ್ಟನ್‌ನ ದಕ್ಷಿಣಕ್ಕಿರುವ ಓತೊರೊಹಂಗಾದ ಹೈಸ್ಕೂಲ್ ಹುಡುಗಿಯರು ಹತ್ತಿರದ ಯುದ್ಧಭೂಮಿಗಳನ್ನು ನೋಡಿ ಬಂದು, ಇದನ್ನೆಲ್ಲ ನಮಗೆ ಯಾಕೆ ಕಲಿಸಲಿಲ್ಲ ಅಂತ ಸಾವಿರಾರು ಸಹಿ ಸಂಗ್ರಹಿಸಿ 2015ರಲ್ಲಿ ಸಂಸತ್ತಿಗೆ ಅರ್ಜಿ ಒಯ್ದರು. 2023ರಲ್ಲಿ ದೇಶದ ಇತಿಹಾಸ ಶಾಲೆಗಳಲ್ಲಿ ಕಡ್ಡಾಯವಾಯಿತು.

ತಲೆ ಹಾಕಬೇಕಾ ಅಂದೆಯಲ್ಲ. ಇಲ್ಲಿ ರೆಸಿಡೆಂಟ್ ವೀಸಾ ಇದ್ದು ಒಂದು ವರ್ಷ ಬಿಡದೆ ನೆಲೆಸಿದರೆ ಸಾಕು, ಪೌರತ್ವ ಇಲ್ಲದೆಯೂ ಸಂಸತ್ತಿನ ಚುನಾವಣೆಗೆ ಮತ ಹಾಕಬಹುದು. ವೈತಂಗಿ ಒಪ್ಪಂದದ ಅರ್ಥವನ್ನು ಹೊಸದಾಗಿ ಬರೆಯಲು 2024ರಲ್ಲಿ ಒಂದು ಮಸೂದೆ ತಂದರು. ನವೆಂಬರ್‌ನಲ್ಲಿ ಸುಮಾರು 42 ಸಾವಿರ ಜನ ಅದನ್ನು ವಿರೋಧಿಸಿ ವೆಲ್ಲಿಂಗ್ಟನ್ನಿನ ಸಂಸತ್ತಿನ ಮುಂದೆ ಸೇರಿದರು. 2025ರ ಏಪ್ರಿಲ್‌ನಲ್ಲಿ 112 ಮತಗಳು ವಿರುದ್ಧ, 11 ಪರ ಬಿದ್ದು ಅದು ಸೋತಿತು. ಇಂಥದ್ದು ಮತ್ತೆ ಬಂದಾಗ ಮತಗಟ್ಟೆಯಲ್ಲಿ ನೀನೂ ನಿಂತಿರುತ್ತೀಯ. ಬೇರೆಯವರ ಬಾಯಿಮಾತು ಕೇಳಿ ಮತ ಹಾಕಬೇಡ ಅನ್ನುವುದಷ್ಟೇ ನನ್ನ ಆಸೆ.

ನೀವು ಬಂದ ಮೇಲೆ ಸಿಗುವ ಮೊದಲ ರಜೆಗಳಲ್ಲಿ ಒಂದು ಫೆಬ್ರವರಿ 6, ವೈತಂಗಿ ದಿನ. ಮಾರ್ಚ್‌ನಲ್ಲಿ ನ್ಗಾರುವಾಹಿಯಾದಲ್ಲಿ ನದಿಯ ಮೇಲೆ ದೋಣಿಗಳ ಉತ್ಸವ ಇರುತ್ತದೆ, ಆ ಪೊತಾತೌ ರಾಜನ ಮನೆತನದ, ಈಗಿನ ಮಾವೋರಿ ರಾಣಿಯ ನೆಲೆ ಅದೇ ಊರು. ಹ್ಯಾಮಿಲ್ಟನ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ನಿಮಗೆ ಅಷ್ಟರಲ್ಲಿ ಕಾರು ಆಗಿರದಿದ್ದರೆ ನಮ್ಮ ಜೊತೆ ಬನ್ನಿ, ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರಿಗೂ ಜಾಗ ಇದೆ.