ಎಚ್‌ಟಿಟಿಪಿ ರಿಕ್ವೆಸ್ಟ್ (ಸರ್ವರ್‌ಗೆ ಕಳಿಸುವ ಕೋರಿಕೆ) ಕಳಿಸುವ ಒಂದೇ ಕೋಡ್ ಮೂರು ಕಡೆ ಇದ್ದರೆ ಹೇಗೆ ಸರಿಮಾಡುವುದು?

ಚಿಕ್ಕಮಗಳೂರಿನ ಬೆಳೆಗಾರರಿಗೆ ಬರೆದ ಪೈಥಾನ್ ಪ್ರೋಗ್ರಾಂನಲ್ಲಿ ಕಾಫಿ ದರ, ಮಳೆ, ಗೊಬ್ಬರದ ಆರ್ಡರ್ ಮೂರಕ್ಕೂ ಅದೇ ರಿಕ್ವೆಸ್ಟ್ ಕೋಡ್ ಕಾಪಿ ಮಾಡಿ ಬೇರೆ ಬೇರೆ ಕಡೆ ಹಾಕಿದೆ ಅಂದಿದ್ದೀರಿ. ಕಳಿಸುವ ಕೆಲಸವನ್ನೆಲ್ಲ ಒಂದೇ ಫಂಕ್ಷನ್‌ಗೆ ತನ್ನಿ. ಬದಲಾಗುವ ವಿಳಾಸ, ಮೆಥಡ್ (ಮಾಹಿತಿ ಕೇಳುವ ಗೆಟ್ ಅಥವಾ ಮಾಹಿತಿ ಕಳಿಸುವ ಪೋಸ್ಟ್), ಡೇಟಾ ಮಾತ್ರ ಹೊರಗಿನಿಂದ ಬರಲಿ. ಟೋಕನ್ (ಸರ್ವರ್‌ಗೆ ನಮ್ಮ ಗುರುತು ಹೇಳುವ ಕೀಲಿ), ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ), ಸ್ಟೇಟಸ್ ಕೋಡ್ (ರಿಕ್ವೆಸ್ಟ್ ಏನಾಯಿತೆಂದು ಸರ್ವರ್ ಹೇಳುವ ಸಂಖ್ಯೆ) ನೋಡುವುದು ಒಳಗಿರಲಿ.

ಕಾಪಿ ಮಾಡಿದ ಕೋಡ್‌ನಲ್ಲಿ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಹಾಗೇ ಉಳಿದುಬಿಡುತ್ತದೆ, ಅಲ್ವಾ? ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಟೈಮ್‌ಔಟ್ ನಾವೇ ಹೇಳಬೇಕು. ಮರೆತ ಆ ಒಂದು ಜಾಗದಲ್ಲಿ, ಮೂಡಿಗೆರೆ ಕಡೆ ಸಿಗ್ನಲ್ ಹೋದಾಗ ಪ್ರೋಗ್ರಾಂ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಒಂದೇ ಫಂಕ್ಷನ್ ಆದರೆ 'timeout=10' (ಹತ್ತು ಸೆಕೆಂಡ್) ಅಂತ ಒಮ್ಮೆ ಬರೆದರೆ ಸಾಕು.

ರೀಟ್ರೈ (ವಿಫಲವಾದರೆ ಮತ್ತೆ ಕಳಿಸುವುದು) ಮಾತ್ರ ಎಲ್ಲದಕ್ಕೂ ಹಾಕಬೇಡಿ. ದರ ಕೇಳುವ ಗೆಟ್ ಎರಡು ಸಲ ಹೋದರೂ ತೊಂದರೆಯಿಲ್ಲ. ಆದರೆ ಪೋಸ್ಟ್ ಎರಡು ಸಲ ಹೋದರೆ ಗೊಬ್ಬರದ ಆರ್ಡರ್ ಎರಡಾಗಬಹುದು.