ಮಸಾಯಿ ನುಡಿ ನಿಲೋಟಿಕ್ಕೋ, ‘ನಿಲೋ-ಹ್ಯಾಮಿಟಿಕ್ಕೋ’?

ಹಳೆಯ ಪುಸ್ತಕವೊಂದು ಪೂರ್ವ ಆಫ್ರಿಕದ ಮಸಾಯಿ ಭಾಷೆಯನ್ನು ‘ನಿಲೋ-ಹ್ಯಾಮಿಟಿಕ್’ ಎಂದು ಕರೆದರೆ ಈಚಿನ ಭಾಷಾನಕ್ಷೆಯೊಂದು ಬರಿಯ ‘ನಿಲೋಟಿಕ್’ ಎನ್ನುತ್ತದೆ, ಎರಡರಲ್ಲಿ ಯಾವುದನ್ನು ನಂಬಬೇಕು, ನಿಲೋಟಿಕ್ ಎಂಬುದು ನಿಜವಾಗಿ ಒಂದು ಕುಟುಂಬವೇ ಅಥವಾ ನೈಲ್ ನದಿಯ ಆಸುಪಾಸಿನ ಭಾಷೆಗಳಿಗೆಲ್ಲ ಒಟ್ಟಾಗಿ ಇಟ್ಟ ಹೆಸರೇ ಎಂದು ನೀವು ಕೇಳಿದ್ದೀರಿ. ನಿಲೋಟಿಕ್ ಎಂಬುದೇ ಸರಿ, ಮತ್ತು ಅದು ನಿಜವಾದ ಕುಟುಂಬ. ಹಳೆಯ ಹೆಸರು ಹುಟ್ಟಿದ್ದರಲ್ಲಿ ಆ ನುಡಿಯ ವ್ಯಾಕರಣಕ್ಕಿಂತ ಅದನ್ನಾಡುವವರ ಮುಖಚರ್ಯೆಗೂ ಅವರ ದನಗಳಿಗೂ ಹೆಚ್ಚಿನ ಪಾಲಿದೆ; ಆ ಹೆಸರು ಅಳಿಯಲು ಅರ್ಧ ಶತಮಾನ ಹಿಡಿಯಿತು.

ನಾನು ಭಾಷಾವಿಜ್ಞಾನ ಓದಿದವನಲ್ಲ. ಲೆಕ್ಕಪತ್ರದ ಕೆಲಸದ ಮೇಲೆ ಆರು ವರ್ಷ ನೈರೋಬಿಯಲ್ಲಿದ್ದೆ, ಕುತೂಹಲ ಅಲ್ಲಿ ಅಂಟಿಕೊಂಡಿತು. ನಮ್ಮ ಕಚೇರಿಯಲ್ಲಿ ಕಿಸುಮು ಕಡೆಯ ಲುವೊ ಮಹಿಳೆಯೊಬ್ಬರು, ಕೆರಿಚೊ ಕಡೆಯ ಕಿಪ್ಸಿಗಿಸ್ ಸಹೋದ್ಯೋಗಿಯೊಬ್ಬರು ಮತ್ತು ಕಾಜಿಯಾಡೊದಿಂದ ಬರುತ್ತಿದ್ದ ಮಸಾಯಿ ಚಾಲಕರೊಬ್ಬರು ಇದ್ದರು. ಮೂವರೂ ತಮ್ಮತಮ್ಮಲ್ಲಿ ಆಡುತ್ತಿದ್ದುದು ಸ್ವಾಹಿಲಿ ಇಲ್ಲವೆ ಇಂಗ್ಲಿಷ್; ಒಬ್ಬರ ಮನೆಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಗಾಲಿಯ (ಮೆಕ್ಕೆಜೋಳದ ಹಿಟ್ಟಿನ ಮುದ್ದೆಯ) ತಟ್ಟೆಯ ಮುಂದೆ ಕುಳಿತಾಗ, ನಿಮ್ಮ ನಿಮ್ಮ ಮಾತಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ ನೋಡೋಣ ಎಂದೆ. ಲೆಕ್ಕಿಗನಿಗೆ ಬೇರೆ ಪ್ರಶ್ನೆ ಹೊಳೆಯುವುದು ಕಷ್ಟ.

ಒಂದಕ್ಕೆ ಲುವೊದಲ್ಲಿ ಅಚಿಯೆಲ್, ಕಿಪ್ಸಿಗಿಸ್‌ನಲ್ಲಿ ಅಕೆಂಗೆ, ಮಸಾಯಿಯಲ್ಲಿ ನಾಬೊ. ಯಾವುದೂ ಯಾವುದಕ್ಕೂ ಹೊಂದಲಿಲ್ಲ. ಎರಡಕ್ಕೆ ಬಂದಾಗ ಲುವೊದ ಅರಿಯೊ ಮತ್ತು ಮಸಾಯಿಯ ಆರೆ ಸ್ವಲ್ಪ ಹತ್ತಿರ ಬಂದವು, ಕಿಪ್ಸಿಗಿಸ್ ದೂರವೇ ಉಳಿಯಿತು. ಮೂರು ಮತ್ತೆ ಮೂರು ದಾರಿ: ಅದೆಕ್, ಸೊಮೊಕ್, ಒಕುನಿ. ನಾಲ್ಕಕ್ಕೆ ಒಬ್ಬರು ಅಙ್ವೆನ್ ಎಂದರು, ಇನ್ನೊಬ್ಬರು ಅಙ್ವಾನ್ ಎಂದರು, ಚಾಲಕರು ಓಙ್ವಾನ್ ಎಂದರು. ಉಂಡೆ ಕಟ್ಟಿದ ಉಗಾಲಿ ಅವರ ಕೈಯಲ್ಲೇ ನಿಂತಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ವರ್ಷಗಟ್ಟಲೆ ಒಟ್ಟಿಗೆ ಊಟ ಮಾಡಿದವರಿಗೆ ಅದು ಅಂದೇ ಗೊತ್ತಾದದ್ದು. ದಕ್ಷಿಣ ಸುಡಾನಿನ ಡಿಂಕಾ ಭಾಷೆಯಲ್ಲಿ ನಾಲ್ಕಕ್ಕೆ ಙುವಾನ್ ಎನ್ನುತ್ತಾರೆಂದು ಆಮೇಲೆ ತಿಳಿದೆ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಙ ಅಕ್ಷರಕ್ಕೆ ಅಲ್ಲಿ ಪದದ ಮೊದಲಲ್ಲೇ ಜಾಗವಿದೆ.

ಒಂದು ಪದ ಹೊಂದಿದ ಮಾತ್ರಕ್ಕೆ ಕುಟುಂಬ ಸಿದ್ಧವಾಗುವುದಿಲ್ಲ. ತಮಿಳಿನ ಪಾಲ್, ಪಲ್ ಎದುರಿಗೆ ಕನ್ನಡದ ಹಾಲು, ಹಲ್ಲು ನಿಲ್ಲುವಂತೆ, ಪದದಿಂದ ಪದಕ್ಕೆ ಒಂದೇ ನಿಯಮದಲ್ಲಿ ಧ್ವನಿ ಹೊಂದಬೇಕು, ಸರ್ವನಾಮ ಮತ್ತು ಪ್ರತ್ಯಯಗಳಲ್ಲೂ ಅದು ಕಾಣಬೇಕು. ನಿಲೋಟಿಕ್ ಭಾಷೆಗಳ ಮಟ್ಟಿಗೆ ಈ ಕೆಲಸ ನಡೆದಿದೆ. ಜರ್ಮನ್ ವಿದ್ವಾಂಸ ಆಸ್ವಿನ್ ಕ್ಯೋಲರ್ 1955ರಲ್ಲಿ ಈ ಭಾಷೆಗಳನ್ನು ಪಶ್ಚಿಮ, ಪೂರ್ವ, ದಕ್ಷಿಣ ಎಂಬ ಮೂರು ಕವಲುಗಳಾಗಿ ವಿಂಗಡಿಸಿದರು. 1982ರಲ್ಲಿ ರೈನರ್ ಫೋಸೆನ್ ಪೂರ್ವದ ಕವಲಿನ ಮೇಲೂ ಫ್ರಾಂಟ್ಸ್ ರಾಟ್‌ಲಾಂಡ್ ದಕ್ಷಿಣದ ಕವಲಿನ ಮೇಲೂ ಮೂಲರೂಪಗಳನ್ನು ಪುನಾರಚಿಸುವ ದೊಡ್ಡ ಗ್ರಂಥಗಳನ್ನು ಪ್ರಕಟಿಸಿದರು. ಆ ಮೂರು ಕವಲುಗಳ ಚೌಕಟ್ಟು ಇಂದಿಗೂ ನಿಂತಿದೆ.

ಪಶ್ಚಿಮದ ಕವಲಿನಲ್ಲಿ ದಕ್ಷಿಣ ಸುಡಾನಿನ ಡಿಂಕಾ ಮತ್ತು ನುಯೆರ್ ಒಂದು ಕಡೆ, ಲುವೊ ಗುಂಪು ಇನ್ನೊಂದು ಕಡೆ. ಬಿಳಿ ನೈಲ್ ದಂಡೆಯ ಶಿಲ್ಲುಕ್, ಇಥಿಯೋಪಿಯಾದ ಗಡಿಯ ಅನುವಾಕ್, ಉತ್ತರ ಉಗಾಂಡಾದ ಅಚೋಲಿ ಮತ್ತು ಲಾಂಗೊ, ವಿಕ್ಟೋರಿಯಾ ಸರೋವರದ ದಂಡೆಯ ಧೊಲುವೊ (ನಮ್ಮ ಕಚೇರಿಯ ಲುವೊ ಮಹಿಳೆಯ ನುಡಿ) ಎಲ್ಲವೂ ಈ ಗುಂಪಿನವು; ಶಿಲ್ಲುಕರ ಕೊಡೋಕ್ ಊರಿಗೂ ಕಿಸುಮುವಿಗೂ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಪೂರ್ವದ ಕವಲಿನಲ್ಲಿ ಜುಬಾ ನಗರದ ಸುತ್ತಣ ಬಾರಿ, ತುರ್ಕಾನಾ–ಕರಮೋಜೊಂಗ್–ತೇಸೊ ಗುಂಪು, ಮತ್ತು ಮಸಾಯಿ–ಸಂಬೂರು ಇವೆ. ದಕ್ಷಿಣದ ಕವಲಿನಲ್ಲಿ ಕೀನ್ಯಾದ ಕಲೆಂಜಿನ್ ನುಡಿಗಳೂ ಟಾಂಜಾನಿಯಾದ ದಾತೋಗಾ ನುಡಿಯೂ ಸೇರುತ್ತವೆ. ‘ಕಲೆಂಜಿನ್’ ಎಂಬ ಒಟ್ಟು ಹೆಸರು ಹಳೆಯದೇನಲ್ಲ: ನಂದಿ, ಕಿಪ್ಸಿಗಿಸ್, ತುಗೆನ್, ಪೊಕೊಟ್ ಮುಂತಾಗಿ ಬೇರೆಬೇರೆ ಹೆಸರು ಹೊತ್ತಿದ್ದ ಜನ 1940ರ ದಶಕದಲ್ಲಿ ಆ ಪದವನ್ನು ಒಪ್ಪಿಕೊಂಡರು, ಮತ್ತು ಅದರ ಅರ್ಥ ‘ನಿನಗೆ ಹೇಳುತ್ತೇನೆ’ ಎಂದು. ಕೀನ್ಯಾದ 2019ರ ಜನಗಣತಿಯಲ್ಲಿ ತಮ್ಮನ್ನು ಕಲೆಂಜಿನ್ ಎಂದು ಬರೆಸಿಕೊಂಡವರು ಸುಮಾರು 63.6 ಲಕ್ಷ, ಲುವೊ ಎಂದವರು ಸುಮಾರು 50.7 ಲಕ್ಷ. ಜಗತ್ತಿನ ಪ್ರವಾಸಿ ಚಿತ್ರಗಳಲ್ಲೆಲ್ಲ ಕೆಂಪು ಹೊದಿಕೆ ಹೊದ್ದು ನಿಲ್ಲುವ ಮಸಾಯಿಗಳು ಆ ಪಟ್ಟಿಯಲ್ಲಿ 12 ಲಕ್ಷವನ್ನೂ ಮುಟ್ಟುವುದಿಲ್ಲ.

ಕವಲುಗಳ ನಡುವಿನ ಅಂತರ ಸಣ್ಣದಲ್ಲ. ಮಸಾಯಿ ಮತ್ತು ಕಲೆಂಜಿನ್ ವಾಕ್ಯಗಳು ಕ್ರಿಯಾಪದದಿಂದ ಆರಂಭವಾಗುತ್ತವೆ. ಧೊಲುವೊದಲ್ಲಿ ಕರ್ತೃ ಮೊದಲು, ಆಮೇಲೆ ಕ್ರಿಯೆ. ಮಸಾಯಿಯಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ನಾಮಪದದ ದನಿಯ ಏರಿಳಿತ ಹೇಳುತ್ತದೆ, ವಿಭಕ್ತಿ ಪ್ರತ್ಯಯವಲ್ಲ. ಡಿಂಕಾದಲ್ಲಿ ಸ್ವರಕ್ಕೆ ಹ್ರಸ್ವ, ದೀರ್ಘ, ಅತಿದೀರ್ಘ ಎಂದು ಮೂರು ಅಳತೆಗಳಿವೆ. ನಮ್ಮಲ್ಲಿ ಪ್ಲುತ ಕೂಗುವುದಕ್ಕೆ ಬಂದರೆ ಅಲ್ಲಿ ಅರ್ಥವನ್ನೇ ಬದಲಿಸುತ್ತದೆ. ನನಗೆ ಎಲ್ಲಕ್ಕಿಂತ ಮೋಜೆನಿಸಿದ್ದು ಧೊಲುವೊದ ಬಹುವಚನ. ಗೊಟ್ ಎಂದರೆ ಬೆಟ್ಟ, ಗೊಡೆ ಎಂದರೆ ಬೆಟ್ಟಗಳು. ಇಷ್ಟನ್ನೇ ಕಂಡರೆ ಕೊನೆಯ ವ್ಯಂಜನ ಮೃದುವಾಗುತ್ತದೆ ಎಂದು ತೀರ್ಮಾನಿಸಬಹುದು. ಆದರೆ ಕೆಡೆ ಎಂಬ ಕಡ್ಡಿ ಹಲವಾದಾಗ ಕೆಟೆ ಆಗುತ್ತದೆ: ಕರ್ಕಶವಿದ್ದದ್ದು ಮೃದು, ಮೃದುವಿದ್ದದ್ದು ಕರ್ಕಶ, ಅದಲುಬದಲು. ಇಂಗ್ಲಿಷಿನಿಂದ ನಿನ್ನೆ ಮೊನ್ನೆ ಬಂದ ಬುಕ್ ಕೂಡ ಬಹುವಚನದಲ್ಲಿ ಬುಗೆ ಆಗಿ ಈ ನಿಯಮಕ್ಕೆ ತಲೆಬಾಗಿದೆ. ಹಸುವಿನ ಪದ ಮಾತ್ರ ನಿಯಮ ಕೇಳುವುದಿಲ್ಲ. ಲುವೊದಲ್ಲಿ ಒಂದಿದ್ದರೆ ಧಿಯಾಙ್, ಹಲವಿದ್ದರೆ ಧೊಕ್. ಡಿಂಕಾದಲ್ಲಿ ಒಂದಕ್ಕೆ ವೆಙ್, ಹಲವಕ್ಕೆ ಘೊಕ್. ಎರಡು ಕಡೆಯೂ ಏಕವಚನ ಙಕಾರಕ್ಕೆ ಮುಗಿದು ಬಹುವಚನ ಕಕಾರಕ್ಕೆ ಮುಗಿಯುತ್ತದೆ. ನಿಯಮಬದ್ಧವಾದ ಹೋಲಿಕೆಗಿಂತ ಇಂಥ ಹಂಚಿಕೊಂಡ ವಕ್ರತೆ ಸಂಬಂಧಕ್ಕೆ ಗಟ್ಟಿಯಾದ ಸಾಕ್ಷಿ, ಏಕೆಂದರೆ ವಕ್ರತೆಯನ್ನು ಯಾರೂ ಸಾಲ ತರುವುದಿಲ್ಲ. ಪೂರ್ವದ ಕವಲಿನ ಬಾರಿಯಲ್ಲಿ ಹಸು ಕಿತೆಙ್, ಮಸಾಯಿಯಲ್ಲಿ ಎನ್ಕಿತೆಙ್.

ಈಗ ‘ಹ್ಯಾಮಿಟಿಕ್’ ವಿಷಯ. ಬೈಬಲಿನ ನೋಹನ ಮಗ ಹ್ಯಾಮ್‌ನ ಹೆಸರಿನಿಂದ ಬಂದ ಈ ಪದವನ್ನು 19ನೇ ಶತಮಾನದ ಯುರೋಪಿಯನ್ ವಿದ್ವಾಂಸರು ಈಜಿಪ್ಟ್, ಬರ್ಬರ್ ಮತ್ತು ಕುಶಿಟಿಕ್ (ಸೊಮಾಲಿ ಮುಂತಾದ) ಭಾಷೆಗಳಿಗೆ ಬಳಸುತ್ತಿದ್ದರು. ಜರ್ಮನ್ ಭಾಷಾವಿಜ್ಞಾನಿ ಕಾರ್ಲ್ ಮೈನ್‌ಹಾಫ್ 1912ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹಣೆಪಟ್ಟಿಯನ್ನು ಪಶ್ಚಿಮ ಆಫ್ರಿಕದ ಫುಲಾ, ದಕ್ಷಿಣದ ತುದಿಯ ನಾಮಾ ಮತ್ತು ನಮ್ಮ ಮಸಾಯಿಯ ಮೇಲೂ ಅಂಟಿಸಿದರು. ಇದರ ಜೊತೆಗೇ ಬೆಳೆದದ್ದು, ಆಫ್ರಿಕದಲ್ಲಿ ದನ ಸಾಕುವ, ಎತ್ತರದ, ನೀಳ ಮೂಗಿನ ಜನರೆಲ್ಲ ಹೊರಗಿನಿಂದ ಬಂದ ‘ಬಿಳಿ’ ಮೂಲದವರು, ನಾಗರಿಕತೆ ತಂದವರು ಅವರೇ ಎಂಬ ವಾದ, ಬ್ರಿಟಿಷ್ ಮಾನವಶಾಸ್ತ್ರಜ್ಞ ಸಿ. ಜಿ. ಸೆಲಿಗ್‌ಮನ್ 1930ರ ತಮ್ಮ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮಸಾಯಿ, ನಂದಿ, ತುರ್ಕಾನಾ ಜನ ನಿಲೋಟರಂತೆ ಮಾತಾಡುತ್ತಾರೆ, ಆದರೆ ‘ಹ್ಯಾಮೈಟ’ರಂತೆ ಕಾಣುತ್ತಾರೆ ಎಂಬ ತೊಡಕಿಗೆ ‘ನಿಲೋ-ಹ್ಯಾಮಿಟಿಕ್’ ಎಂಬ ಬೆರಕೆ ಹೆಸರು ತೇಪೆಯಾಯಿತು. ಡಿಂಕಾಗಳು ಮಸಾಯಿಗಳಷ್ಟೇ ಎತ್ತರದವರು, ಅಷ್ಟೇ ದನಗಳ ಮೇಲೆ ಜೀವ ಇಟ್ಟವರು ಎಂಬುದು ಈ ವಾದ ಹೂಡಿದವರಿಗೆ ಏಕೆ ಅಡ್ಡಬರಲಿಲ್ಲವೋ!

ವ್ಯಾಕರಣದ ಆಧಾರವೂ ಒಂದಿತ್ತು, ನ್ಯಾಯಕ್ಕಾಗಿ ಅದನ್ನೂ ಹೇಳಬೇಕು. ಮಸಾಯಿ ನಾಮಪದಗಳಿಗೆ ಲಿಂಗವಿದೆ: ಓಲ್ ಎಂಬ ಪೂರ್ವಪ್ರತ್ಯಯ ಪುಲ್ಲಿಂಗಕ್ಕೆ, ಎನ್ ಎಂಬುದು ಸ್ತ್ರೀಲಿಂಗಕ್ಕೆ. ಈಜಿಪ್ಟಿನ, ಬರ್ಬರರ, ಸೊಮಾಲಿಗಳ ಭಾಷೆಗಳಲ್ಲಿಯೂ ಲಿಂಗವಿದೆ. ಆದ್ದರಿಂದ ಸಂಬಂಧವಿದೆ ಎಂಬುದು ಆ ತರ್ಕ. ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1949–50ರ ಲೇಖನಗಳಲ್ಲಿಯೂ 1963ರ ಗ್ರಂಥದಲ್ಲಿಯೂ ಕೈಯಿಟ್ಟದ್ದು ಇಲ್ಲಿಯೇ. ಲಿಂಗವಿದೆ ಎಂಬುದು ಏನನ್ನೂ ಸಾಧಿಸದು, ಲಿಂಗವನ್ನು ಸೂಚಿಸುವ ಧ್ವನಿ ಮತ್ತು ಅರ್ಥ ಎರಡೂ ಒಟ್ಟಿಗೆ ಹೊಂದಬೇಕು ಎಂಬುದು ಅವರ ಪಟ್ಟು. ಆ ಉತ್ತರದ ಭಾಷೆಗಳಲ್ಲಿ ಸ್ತ್ರೀಲಿಂಗದ ಗುರುತಾಗಿ ಮತ್ತೆ ಮತ್ತೆ ಕಾಣುವುದು ತಕಾರ. ಮಸಾಯಿಯ ಎನ್ ಅದಕ್ಕೆ ಸಂಬಂಧಪಡುವುದಿಲ್ಲ. ಅಲ್ಲದೆ ಮಸಾಯಿಯ ಲಿಂಗ ಗಾತ್ರವನ್ನೂ ಹೇಳುತ್ತದೆ: ಓಲಲೆಮ್ ಎಂದರೆ ಕತ್ತಿ, ಎನ್ಕಲೆಮ್ ಎಂದರೆ ಚಾಕು. ನಮ್ಮ ಚಾಲಕರು ಹಣ್ಣು ಹೆಚ್ಚುವ ಚಾಕುವನ್ನು ಎತ್ತಿ ತೋರಿಸಿ ಇದನ್ನು ವಿವರಿಸಿದ್ದರು. ಸೊಂಟದ ಕತ್ತಿ ಊರಿನಲ್ಲಿದೆ ಎಂದೂ ಸೇರಿಸಿದ್ದರು. ಜನಾಂಗ, ಕಸುಬು, ಸಂಸ್ಕೃತಿ ಯಾವುದನ್ನೂ ಭಾಷೆಯ ವರ್ಗೀಕರಣಕ್ಕೆ ತರಕೂಡದೆಂಬ ಗ್ರೀನ್‌ಬರ್ಗರ ನಿಲುವು ಇಂದು ಸಹಜವಾಗಿ ಕಾಣುತ್ತದೆ, ಅಂದು ಹಾಗಿರಲಿಲ್ಲ. ಟಕರ್ ಮತ್ತು ಬ್ರಯನ್ ಎಂಬ ಹಿರಿಯ ವಿದ್ವಾಂಸರು 1966ರಲ್ಲೂ ಪೂರ್ವ ಮತ್ತು ದಕ್ಷಿಣದ ಕವಲುಗಳನ್ನು ಒಟ್ಟಾಗಿ ‘ಪ್ಯಾರಾನಿಲೋಟಿಕ್’ ಎಂದು ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿದ್ದರು. ನಿಮ್ಮ ಕೈಗೆ ಆ ಪದವೂ ಸಿಕ್ಕಬಹುದು, ಅದು ಇದೇ ಗುಂಪಿನ ಇನ್ನೊಂದು ಹಳೆಯ ಹೆಸರು.

ಹಾಗಾದರೆ ಕುಶಿಟಿಕ್ ಭಾಷೆಗಳೊಂದಿಗೆ ನಂಟೇ ಇಲ್ಲವೇ? ಇದೆ, ಆದರೆ ಅದು ನೆರೆಹೊರೆಯ ನಂಟು. ಆ ಊಟದ ಎಣಿಕೆಯ ಕೊನೆಗೆ ಹತ್ತಕ್ಕೆ ಬಂದಾಗ ಲುವೊ ಮಹಿಳೆ ಅಪಾರ್ ಎಂದರು. ಕಿಪ್ಸಿಗಿಸ್ ಗೆಳೆಯರು ತಮಾನ್, ಚಾಲಕರು ತೊಮೊನ್. ಸೊಮಾಲಿಯಲ್ಲಿ ಹತ್ತಕ್ಕೆ ತೊಬಾನ್ ಎನ್ನುತ್ತಾರೆ. ಕಿಪ್ಸಿಗಿಸ್ ಒಂಬತ್ತು ಸೊಗೊಲ್ ಆದರೆ ಸೊಮಾಲಿಯದು ಸಗಾಲ್. ಪೂರ್ವ ಮತ್ತು ದಕ್ಷಿಣದ ನಿಲೋಟರು ದಕ್ಷಿಣಕ್ಕೆ ಸರಿಯುತ್ತ ಕುಶಿಟಿಕ್ ಭಾಷಿಕರ ಜೊತೆ ದೀರ್ಘಕಾಲ ಬಾಳಿದಾಗ ದೊಡ್ಡ ಸಂಖ್ಯೆಗಳನ್ನು ಅವರಿಂದ ಪಡೆದರೆಂಬುದು ಒಪ್ಪಿತವಾದ ವಿವರಣೆ; ಚಿಕ್ಕವು, ಆ ‘ನಾಲ್ಕು’ ಎಂಬ ಪದದಂತೆ, ಮನೆಯವೇ ಉಳಿದವು. ಕನ್ನಡಿಗರಿಗೆ ಇದು ಹೊಸತಾಗಬೇಕಿಲ್ಲ. ನೂರು ನಮ್ಮದು, ಸಾವಿರ ಸಂಸ್ಕೃತದ ಸಹಸ್ರದಿಂದ ಬಂದದ್ದು. ಅಷ್ಟಕ್ಕೇ ಕನ್ನಡವನ್ನು ಯಾರೂ ‘ದ್ರಾವಿಡ-ಆರ್ಯ’ ಬೆರಕೆ ಕುಟುಂಬಕ್ಕೆ ಸೇರಿಸುವುದಿಲ್ಲ.

ಜನರ ಮೂಲವೂ ಭಾಷೆಯ ಮೂಲವೂ ಒಂದೇ ಎಂದು ತಿಳಿಯುವುದು ಇನ್ನೊಂದು ಎಡವಟ್ಟು. ತುರ್ಕಾನಾ ಸರೋವರದ ದಂಡೆಯ ಎಲ್ ಮೋಲೊ ಜನರದು ಮೊದಲು ಕುಶಿಟಿಕ್ ನುಡಿ. ಈಗ ಅವರಾಡುವುದು ಸಂಬೂರು. ಕೀನ್ಯಾ ಪರ್ವತದ ಉತ್ತರದ ಯಾಕು ಜನ 20ನೇ ಶತಮಾನದಲ್ಲಿ ಮಸಾಯಿಗೆ ಹೊರಳಿದರು. ವಿಕ್ಟೋರಿಯಾ ಸರೋವರದ, ಬಂಟು (ಸ್ವಾಹಿಲಿ ಸೇರಿರುವ ಆಫ್ರಿಕದ ಭಾಷಾಗುಂಪು) ಮೂಲದ ಸೂಬಾ ಜನರಲ್ಲಿ ಬಹುಮಂದಿಯ ಮನೆಮಾತು ಇಂದು ಧೊಲುವೊ. ಹೆಸರುಗಳ ಪದ್ಧತಿಯನ್ನೂ ಎಚ್ಚರಿಕೆಯಿಂದಲೇ ನೋಡಬೇಕು. ರಾತ್ರಿ ಹುಟ್ಟಿದ ಲುವೊ ಹುಡುಗ ಒಟಿಯೆನೊ, ಹುಡುಗಿಯಾದರೆ ಅಟಿಯೆನೊ. ಕಲೆಂಜಿನ್ನರಲ್ಲಿ ಗಂಡಿಗೆ ಕಿಪ್, ಹೆಣ್ಣಿಗೆ ಚೆಪ್ ಸೇರಿಸಿ ಹುಟ್ಟಿದ ಹೊತ್ತನ್ನೇ ಹೆಸರಾಗಿಸುವುದರಿಂದ ಓಟದ ಪಂದ್ಯಗಳ ಫಲಿತಾಂಶದ ಪಟ್ಟಿಯಲ್ಲಿ ನಾವು ಅಷ್ಟೊಂದು ಕಿಪ್‌ಗಳನ್ನು ಕಾಣುತ್ತೇವೆ. ಪದ್ಧತಿ ಒಂದೇ ರೀತಿಯದು. ಆದರೆ ಪದ್ಧತಿ ಬೇಲಿ ಹಾರುತ್ತದೆ, ಹಾಗಾಗಿ ಇದನ್ನು ಭಾಷಾಸಂಬಂಧದ ಪುರಾವೆಗಳ ಸಾಲಿಗೆ ನಾನು ಸೇರಿಸಲಾರೆ.

ಕುಟುಂಬದ ಮೇಲಿನ ಅಂತಸ್ತುಗಳಲ್ಲಿ ನೆಲ ಇಷ್ಟು ಗಟ್ಟಿಯಿಲ್ಲ. ನಿಲೋಟಿಕ್ ಭಾಷೆಗಳು ಸುಡಾನ್, ಇಥಿಯೋಪಿಯಾ ಕಡೆಯ ಸುರ್ಮಿಕ್, ದಾಜು, ನೂಬಿಯನ್ ಮುಂತಾದ ಭಾಷೆಗಳೊಂದಿಗೆ ‘ಪೂರ್ವ ಸುಡಾನಿಕ್’ ಗುಂಪಿಗೆ ಸೇರುತ್ತವೆ, ಆ ಗುಂಪು ‘ನಿಲೋ-ಸಹಾರನ್’ ಎಂಬ ಮಹಾಕುಟುಂಬದ ಒಂದು ಅಂಗ ಎಂದು ಗ್ರೀನ್‌ಬರ್ಗ್ 1963ರಲ್ಲಿ ಹೇಳಿದರು. ಬಹುಪಾಲು ಪುಸ್ತಕಗಳು ಅದನ್ನೇ ನಕಲು ಮಾಡುತ್ತವೆ. ನಿಲೋ-ಸಹಾರನ್ ಒಳಗೆ ಟಿಂಬಕ್ಟು ಕಡೆಯ ಸೊಂಘಾಯ್, ಚಾಡ್ ಸರೋವರದ ಕಡೆಯ ಕಾನುರಿ ಕೂಡ ಇವೆ. ಬೇರೆಲ್ಲೂ ಹೊಂದದ ಭಾಷೆಗಳನ್ನು ತುಂಬಿದ ಚೀಲ ಅದು ಎಂಬ ದೂರು ಹಳೆಯದು, ಮತ್ತು ಅದರಲ್ಲಿ ಹುರುಳಿದೆ. ತುರ್ಕಾನಾ ವ್ಯಾಕರಣ ಬರೆದ ಗೆರಿಟ್ ಡಿಮ್ಮೆನ್‌ಡಾಲ್ ಸೊಂಘಾಯ್‌ಯನ್ನು ಅದರಿಂದ ಹೊರಗಿಡುತ್ತಾರೆ. ಗ್ಲಾಟ್ಟೊಲಾಗ್ ಎಂಬ ಭಾಷಾಕೋಶವಂತೂ ನಿಲೋ-ಸಹಾರನ್ ಎಂಬುದನ್ನೇ ಒಪ್ಪದೆ ನಿಲೋಟಿಕ್ಕನ್ನು ಸ್ವತಂತ್ರ ಕುಟುಂಬವಾಗಿ ಪಟ್ಟಿಮಾಡುತ್ತದೆ. ಸುರ್ಮಿಕ್ ಜೊತೆಗಿನ ನೆಂಟಸ್ತಿಕೆ ನನಗೆ ನಂಬಲರ್ಹವಾಗಿ ತೋರುತ್ತದೆ, ಸೊಂಘಾಯ್ ಜೊತೆಗಿನದು ತೋರುವುದಿಲ್ಲ.

ನೀವು ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುವುದಾದರೆ ಮಸಾಯಿಯ ಎದುರಿಗೆ ‘ನಿಲೋಟಿಕ್, ಪೂರ್ವ ಕವಲು’ ಎಂದು ಬರೆದು, ನಿಲೋ-ಸಹಾರನ್ ಎಂಬುದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡಿ. ಇನ್ನೊಂದು ಚಿಕ್ಕ ವಿಷಯ: ಲುವೊ ಮತ್ತು ಕಲೆಂಜಿನ್ ಲಿಪಿರೂಪಗಳಲ್ಲಿ ಎನ್, ಜಿ ಅಕ್ಷರಗಳಾದ ಮೇಲೆ ಒಂದು ಕೊಕ್ಕೆಯಿದ್ದರೆ (ng’) ಅದು ನಮ್ಮ ಙ, ಅಲ್ಲಿ ಗಕಾರ ಕೇಳಿಸುವುದಿಲ್ಲ. ನಾಲ್ಕನ್ನು ‘ಅಂಗ್ವೆನ್’ ಎಂದು ಬರೆಯದೆ ಅಙ್ವೆನ್ ಎಂದೇ ಬರೆಯಿರಿ. ನಾನು ಮೊದಲನೆಯ ರೀತಿ ಉಚ್ಚರಿಸಿದಾಗ ಆ ಲುವೊ ಸಹೋದ್ಯೋಗಿ ನಾಲ್ಕು ಸಲ ತಿದ್ದಿದ್ದರು, ಪ್ರತಿ ಸಲವೂ ಬೆರಳು ಮಡಿಚಿ ಎಣಿಸುತ್ತ.