ಖಾಲಿ ಪಿಕಪ್ ಯಾಕಿಷ್ಟು ಎತ್ತಿ ಕುಕ್ಕುತ್ತೆ?

ಗಾಡಿ ಮಾತು: ಓದುಗರ ಪ್ರಶ್ನೆಗೆ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನನ್ನದು ಒಂದು ಟನ್ನಿಗೂ ಹೆಚ್ಚು ಹೊರುವ ಹೆವಿ ಡ್ಯೂಟಿ ಪಿಕಪ್. ಲೋಡ್ ಇದ್ದಾಗ ಹಾಯಾಗಿ ಹೋಗುತ್ತದೆ. ಖಾಲಿ ಇದ್ದಾಗ ಮಾತ್ರ ಸಣ್ಣ ಗುಂಡಿ ಸಿಕ್ಕರೂ ಹಿಂಭಾಗ ಎತ್ತಿ ಕುಕ್ಕುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ಕೆಟ್ಟಿದೆಯೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸ್ಪ್ರಿಂಗ್ ಕೆಟ್ಟಿಲ್ಲ. ಲೋಡ್ ಇದ್ದಾಗ ಹಾಯಾಗಿದೆ ಅಂತ ನೀವೇ ಬರೆದಿದ್ದೀರಲ್ಲ, ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಸ್ಪ್ರಿಂಗನ್ನು ಮಾಡಿದ್ದೇ ಲೋಡಿಗೆ, ಖಾಲಿ ಗಾಡಿಯಲ್ಲಿ ಕೂತ ನಿಮಗಲ್ಲ.

ಲೆಕ್ಕ ಹಾಕಿ ನೋಡೋಣ. ಗಾಡಿ ನಿಂತಲ್ಲೇ ತನ್ನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ, ಗಾಡಿ ಸೆಕೆಂಡಿಗೆ ಹೆಚ್ಚುಕಡಿಮೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಅನ್ನುವುದು ಸಿಗುತ್ತದೆ. ಹಿಂದಿನ ಎರಡೂ ಸ್ಪ್ರಿಂಗ್ ಸೇರಿ ಒಂದು ಸೆಂಟಿಮೀಟರ್ ಕುಗ್ಗಲು 200 ಕಿಲೋ ಬೇಕು ಅಂತಿಟ್ಟುಕೊಳ್ಳಿ. ಖಾಲಿ ಗಾಡಿಯಲ್ಲಿ ಅವುಗಳ ಮೇಲೆ ಕೂತಿರುವುದು 800 ಕಿಲೋ. ಅಂದರೆ 4 ಸೆಂಟಿಮೀಟರ್ ಕುಗ್ಗುತ್ತದೆ, ಸೆಕೆಂಡಿಗೆ 2.5 ಸಲ ಆಡುತ್ತದೆ. ಅದರ ಮೇಲೆ 1200 ಕಿಲೋ ಲೋಡ್ ಬಿತ್ತೆಂದರೆ 10 ಸೆಂಟಿಮೀಟರ್, ಸುಮಾರು 1.6 ಸಲ. ಸಾಮಾನ್ಯ ಕಾರು ಸೆಕೆಂಡಿಗೆ 1ರಿಂದ 1.5ರ ಆಸುಪಾಸಿನಲ್ಲಿ ಆಡುತ್ತದೆ. ಗಾಡಿ ಅದೇ, ಸ್ಪ್ರಿಂಗೂ ಅದೇ. ಮೇಲೆ ಕೂತ ಭಾರ ಮಾತ್ರ ಬೇರೆ.

ಹಾಗಂತ ಸಹಿಸಿಕೊಂಡಿರಿ ಅನ್ನುತ್ತಿಲ್ಲ. ನೀವು ಅನುಭವಿಸುವ ಕುಕ್ಕಾಟದಲ್ಲಿ ಸ್ಪ್ರಿಂಗಿನ ಪಾಲು ಸ್ವಲ್ಪ, ಟೈರಿನ ಗಾಳಿಯ ಪಾಲು ಇನ್ನು ಸ್ವಲ್ಪ, ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳ ನಡುವಿನ ತುಕ್ಕಿನದು ಮತ್ತಷ್ಟು. ಕೊನೆಯ ಎರಡನ್ನು ಸರಿಪಡಿಸಲು ಹೊಸ ಸಾಮಾನು ಬಹುತೇಕ ಬೇಕಿಲ್ಲ.

ಮೊದಲು ಗಾಳಿ. ಇಂಥ ಗಾಡಿಗೆ ಬರುವ, ಹೆಚ್ಚು ಭಾರ ಹೊರುವ ‘ಲೋಡ್ ರೇಂಜ್ ಇ’ ದರ್ಜೆಯ ಟೈರಿನ ಪಕ್ಕದಲ್ಲಿ ಸಾಮಾನ್ಯವಾಗಿ 80 ಪಿಎಸ್‌ಐ ಅಂತ ಇರುತ್ತದೆ. ಅದು ಟೈರ್ ತನ್ನ ಪೂರ್ತಿ ಭಾರ ಹೊರುವಾಗ ಬೇಕಾದ ಒತ್ತಡ. ಅದನ್ನು ಓದಿ ನಾಲ್ಕಕ್ಕೂ 80 ತುಂಬಿಸಿಕೊಂಡು ಖಾಲಿ ಓಡಿಸುವವರು ಬೇಕಾದಷ್ಟು ಜನ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ. ಎಷ್ಟೋ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಅಲ್ಲಿ ಬರೆದಿರುವುದೂ ಪೂರ್ತಿ ಲೋಡಿನ ಅಂಕಿಯೇ. ಖಾಲಿ ಓಡಾಟಕ್ಕೆ ಎಷ್ಟು ಇಳಿಸಬಹುದು ಅನ್ನುವುದನ್ನು ಊಹೆಯ ಮೇಲೆ ಮಾಡಬೇಡಿ. ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಟೈರ್ ಕಂಪನಿಯ ಪಟ್ಟಿಕೆಯಲ್ಲಿ, ಅಂದರೆ ಚಾರ್ಟಿನಲ್ಲಿ, ಯಾವ ಭಾರಕ್ಕೆ ಎಷ್ಟು ಗಾಳಿ ಅಂತ ಇರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆಯೇ ಇಟ್ಟುಕೊಳ್ಳಿ. ಪಟ್ಟಿಕೆ ಸಿಗದಿದ್ದರೆ ಸ್ಟಿಕ್ಕರ್ ಬಿಟ್ಟು ಕೆಳಗಿಳಿಯಬೇಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ತಣ್ಣಗಿರುವಾಗಲೇ ಅಳೆಯಬೇಕು. ಲೋಡ್ ಹಾಕುವ ದಿನ ಮೊದಲು ಗಾಳಿ ಹಿಡಿಸಿ, ಆಮೇಲೆ ಲೋಡ್. ಈ ಶಿಸ್ತು ನಿಮಗೆ ಆಗಿಬರುವುದಿಲ್ಲ ಅಂತಾದರೆ ಗಾಳಿ ಇಳಿಸುವ ಯೋಚನೆಯನ್ನೇ ಬಿಡಿ. ಕಡಿಮೆ ಗಾಳಿಯಲ್ಲಿ ಭಾರ ಹೊತ್ತ ಟೈರ್ ಬಿಸಿಯಾಗಿ ಸಿಡಿಯುತ್ತದೆ.

ಸೀಮೆಸುಣ್ಣದ ಪರೀಕ್ಷೆಯೂ ಒಂದಿದೆ. ಟೈರಿನ ನೆಲಕ್ಕೆ ತಾಗುವ ಗೀಟುಗಳ ಮೇಲೆ ಅಡ್ಡಕ್ಕೆ ದಪ್ಪಗೆ ಗೆರೆ ಎಳೆದು, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿ ಎರಡು ಅಂಚಿನಲ್ಲಿ ಸುಣ್ಣ ಹಾಗೇ ಉಳಿದಿದ್ದರೆ, ಆಗ ಇದ್ದ ಭಾರಕ್ಕೆ ಗಾಳಿ ಜಾಸ್ತಿ. ಪಟ್ಟಿಕೆಯ ಲೆಕ್ಕ ಸರಿಯಿದೆಯೇ ಅಂತ ತಾಳೆ ನೋಡಲು ಇದು ಸಾಕು.

ಇನ್ನು ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಟ್ಟು. ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿದಾಗ ನಾನು ಮೊದಲು ನೋಡುವುದು ಪಟ್ಟಿಗಳ ತುದಿ. ಮೇಲಿನ ಪಟ್ಟಿಯ ಮೈಮೇಲೆ, ಕೆಳಗಿನ ಪಟ್ಟಿಯ ತುದಿ ಉಜ್ಜಿದ ಜಾಗದಲ್ಲಿ ಹೊಳೆಯುವ ಗೀರು ಇದ್ದರೆ ಪಟ್ಟಿಗಳು ಜಾರುತ್ತಿವೆ ಅಂತರ್ಥ. ಗೀರೇ ಇಲ್ಲದೆ ಕೆಂಪು ಪುಡಿ ಮೆತ್ತಿಕೊಂಡಿದ್ದರೆ ಕಟ್ಟು ತುಕ್ಕಿನಲ್ಲಿ ಕಚ್ಚಿಕೊಂಡಿದೆ. ಹಾಗೆ ಕಚ್ಚಿಕೊಂಡ ಕಟ್ಟು ಸಣ್ಣ ಉಬ್ಬುತಗ್ಗಿಗೆ ಅಲುಗಾಡುವುದೇ ಇಲ್ಲ, ಅಷ್ಟೂ ಏಟನ್ನು ಟೈರೊಂದೇ ನುಂಗಬೇಕು. ಕೂತ ಮೈಗೆ ಸೆಕೆಂಡಿಗೆ 4ರಿಂದ 8 ಸಲದ ಅದುರುವಿಕೆ ಎಲ್ಲಕ್ಕಿಂತ ಹೆಚ್ಚು ಹಿಂಸೆ. ಸ್ಪ್ರಿಂಗ್ ಸುಮ್ಮನಿದ್ದು ಗಾಡಿ ಬರೀ ಟೈರಿನ ಮೇಲೆ ಆಡತೊಡಗಿದರೆ ಅದುರುವಿಕೆ ಆ ಕಡೆಗೇ ಹೋಗುತ್ತದೆ.

ಚಾಸಿಯನ್ನು ಎತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ಕೂರಿಸಿದರೆ ಆಕ್ಸಲ್ ಜೋತುಬಿದ್ದು ಪಟ್ಟಿಗಳ ನಡುವೆ ಸಂದು ಬಿಡುತ್ತದೆ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ತಂತಿ ಬ್ರಶ್ಶಿನಲ್ಲಿ ತುಕ್ಕು ಉಜ್ಜಿ ತೆಗೆದು, ತುದಿಯಲ್ಲಿ ನೈಲಾನ್ ಪ್ಯಾಡ್ ಇರುವ ಕಟ್ಟಾದರೆ ಸವೆದದ್ದನ್ನು ಬದಲಿಸಿ. ಪ್ಯಾಡ್ ಇಲ್ಲದ ಹಳೇ ಕಟ್ಟಿಗೆ ಗ್ರಾಫೈಟ್ ಇರುವ ಒಣ ಲೂಬ್ರಿಕೆಂಟ್ ಸಾಕು. ಸುಟ್ಟ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಇದೆಯಲ್ಲ, ಅದು ನನಗೆ ಆಗದು. ಎರಡು ದಿನ ಮೆತ್ತಗೆನಿಸುತ್ತದೆ, ಆಮೇಲೆ ಮಣ್ಣು ಮೆತ್ತಿ ಸಾಣೆ ಹಿಡಿದ ಹಾಗೆ ಪಟ್ಟಿ ಸವೆಯುತ್ತದೆ, ಸ್ಪ್ರಿಂಗಿನ ತುದಿಯ ಬೋಲ್ಟಿಗೆ ಸುತ್ತಿಕೊಂಡಿರುವ ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತದೆ.

ಬುಷ್ ಬದಲಿಸುವುದಿದ್ದರೆ ಒಂದು ಮಾತು ನೆನಪಿರಲಿ. ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಚಕ್ರ ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಸವಾರಿಯೂ ಗಡುಸು, ಬುಷ್ ಹರಿಯುವುದೂ ಬೇಗ. ಗಾಡಿ ತನ್ನ ಕಾಲ ಮೇಲೆ ನಿಂತಮೇಲೆ ಕೊನೆಯ ಬಿಗಿತ.

ಪ್ರಶ್ನೆ: ಹಿಂದಿನ ಕಟ್ಟಿನಿಂದ ಎರಡು ಪಟ್ಟಿ ತೆಗೆಸಿಬಿಡಿ, ಕಾರಿನ ಹಾಗೆ ಆಗುತ್ತದೆ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ. ಮಾಡಿಸಲೆ?

ಉತ್ತರ: ಬೇಡ. ಯಾವ ಪಟ್ಟಿ ಅಂತ ಕೇಳಿದಿರಾ? ಎಲ್ಲಕ್ಕಿಂತ ಕೆಳಗಿರುವ, ಬಾಗಿಲ್ಲದೆ ನೆಟ್ಟಗಿರುವ ದಪ್ಪ ಪಟ್ಟಿ ಓವರ್‌ಲೋಡ್ ಪಟ್ಟಿ. ಖಾಲಿ ಗಾಡಿಯಲ್ಲಿ ಅದರ ತುದಿಗೂ ಮೇಲಿನ ಪಟ್ಟಿಗೂ ನಡುವೆ ಬೆಳಕು ಕಂಡರೆ ಅದು ಆಗ ಕೆಲಸವನ್ನೇ ಮಾಡುತ್ತಿಲ್ಲ. ತೆಗೆದರೂ ಖಾಲಿ ಸವಾರಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಲೋಡಿನ ದಿನ ಮಾತ್ರ ಗೊತ್ತಾಗುತ್ತದೆ.

ಮೇಲಿನವನ್ನು ತೆಗೆದರೆ ಗಾಡಿ ಮೆತ್ತಗಾಗುತ್ತದೆ, ನಿಜ. ಜೊತೆಗೆ ಹಿಂಭಾಗ ತಗ್ಗುತ್ತದೆ, ಆಕ್ಸಲ್ ಮೇಲೆ ಬಂದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪಿಗೆ ಇದ್ದ ಅಂತರ ಕಮ್ಮಿಯಾಗುತ್ತದೆ. ಸ್ಪ್ರಿಂಗ್ ಪೂರ್ತಿ ಬಾಗುವ ಮೊದಲೇ ಆಕ್ಸಲ್ ಹೋಗಿ ಸ್ಟಾಪಿಗೆ ಬಡಿದರೆ ಮೊದಲಿಗಿಂತ ಜೋರಾದ ಏಟು. ಉಳಿದ ಪಟ್ಟಿಗಳ ಮೇಲೆ ಒತ್ತಡ ಹೆಚ್ಚಿ ಒಂದು ದಿನ ಮುರಿಯುತ್ತವೆ. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಆಕ್ಸಲ್ ತಿರುಚಿಕೊಳ್ಳುವುದನ್ನು ತಡೆಯುವುದೂ ಅವೇ ಪಟ್ಟಿಗಳು. ಹಿಂಭಾಗದ ಎತ್ತರ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇರುವ ಗಾಡಿಯಾದರೆ ಅದರ ಲೆಕ್ಕವೂ ತಪ್ಪುತ್ತದೆ.

ವರ್ಷವಿಡೀ ಹಗುರ ಲೋಡೇ ಇದ್ದರೆ ಕಟ್ಟನ್ನೇ ಬದಲಿಸಿ. ಪಟ್ಟಿಯ ಗಡಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಅರ್ಧವಾದರೆ ಗಡಸುತನ ಎಂಟನೇ ಒಂದು ಪಾಲು. ಅದಕ್ಕೇ ತೆಳು ಪಟ್ಟಿ ಹೆಚ್ಚಿರುವ ಕಟ್ಟು ಅಷ್ಟು ಚೆನ್ನಾಗಿ ಬಾಗುತ್ತದೆ. ನನ್ನನ್ನು ಕೇಳಿದರೆ ಪ್ಯಾರಾಬೋಲಿಕ್ ಸ್ಪ್ರಿಂಗ್ ಇನ್ನೂ ಒಳ್ಳೆಯದು. ನಡುವೆ ದಪ್ಪ, ತುದಿಗೆ ಹೋದಂತೆ ತೆಳು, ಒಂದಕ್ಕೊಂದು ತಾಗುವುದು ನಡುವೆ ಮತ್ತು ತುದಿಯಲ್ಲಷ್ಟೆ. ಉಜ್ಜಾಟ ಬಹಳ ಕಮ್ಮಿ. ಯಾವುದನ್ನೇ ಹಾಕಿಸಿದರೂ ಕಟ್ಟನ್ನು ಆಕ್ಸಲಿಗೆ ಬಿಗಿಯುವ ಹಳೇ ಯು ಬೋಲ್ಟ್ ಮತ್ತೆ ಬಳಸಬೇಡಿ. ಹೊಸದನ್ನು ಹಾಕಿ, ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ.

ಪ್ರಶ್ನೆ: ಶಾಕ್ ಅಬ್ಸಾರ್ಬರ್ ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಂಪರ್ ಒತ್ತಿ ನೋಡಿದೆ, ಗಾಡಿ ಅಲ್ಲಾಡಲೇ ಇಲ್ಲ. ಹಾಗಾದರೆ ಚೆನ್ನಾಗಿದೆ ತಾನೆ?

ಉತ್ತರ: ನಿಮ್ಮ ತೂಕಕ್ಕೆ ಆ ಸ್ಪ್ರಿಂಗ್ ಬಗ್ಗಲಿಲ್ಲ, ಅಷ್ಟೇ. ಸಣ್ಣ ಕಾರಿನ ಪರೀಕ್ಷೆ ಹೆವಿ ಡ್ಯೂಟಿ ಗಾಡಿಗೆ ನಡೆಯುವುದಿಲ್ಲ. ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿ ಬಂದು ಕೂಡಲೇ ಎರಡು ಹಿಂದಿನ ಶಾಕ್ ಅಬ್ಸಾರ್ಬರಿನ ಮೈ ಹುಷಾರಾಗಿ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ತಣ್ಣಗಿರುವುದು ಸುಮ್ಮನೆ ನೇತಾಡಿಕೊಂಡು ಬಂದಿದೆ. ಸೈಲೆನ್ಸರ್ ಪಕ್ಕದ್ದು ಅದರ ಕಾವಿಗೇ ಬಿಸಿಯಾಗಿರಬಹುದು, ಅದು ಗಮನದಲ್ಲಿರಲಿ. ಮೈಮೇಲೆ ಎಣ್ಣೆಯ ತೆಳು ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ಧೂಳು ಕೆಸರಾಗಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ.

ಬದಲಿಸುವಾಗ ‘ಹೆವಿ’ ಅಂತ ಬರೆದದ್ದನ್ನು ಕಂಡು ಮರುಳಾಗಬೇಡಿ. ಪೂರ್ತಿ ಲೋಡಿಗೆ ಹೊಂದಿಸಿದ ಶಾಕ್ ಅಬ್ಸಾರ್ಬರ್ ಖಾಲಿ ಗಾಡಿಯಲ್ಲಿ ಗಡುಸಾಗಿಯೇ ಇರುತ್ತದೆ. ಗ್ಯಾಸ್ ತುಂಬಿದ ಮೊನೋಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್ ಅಬ್ಸಾರ್ಬರಿನ ಲಾಭ ಬೇರೆ. ಎಣ್ಣೆಯೂ ಗ್ಯಾಸೂ ಬೇರೆ ಬೇರೆ ಕೋಣೆಯಲ್ಲಿರುವುದರಿಂದ ಎಣ್ಣೆ ನೊರೆಯಾಗುವುದಿಲ್ಲ, ಕೆಟ್ಟ ರಸ್ತೆಯಲ್ಲಿ ತುಂಬ ಹೊತ್ತು ಓಡಿದರೂ ಹಿಡಿತ ಬಿಡುವುದಿಲ್ಲ. ಖಾಲಿಗೂ ಲೋಡಿಗೂ ತಿರುಗಿಸಿ ಹೊಂದಿಸುವಂಥದ್ದು ಸಿಕ್ಕರೆ ನಿಮ್ಮಂಥವರಿಗೆ ಅದೇ ಸರಿ.

ಅಂದ ಹಾಗೆ, ಒಂದು ಶಾಕ್ ಅಬ್ಸಾರ್ಬರ್ ಆಕ್ಸಲಿನ ಮುಂದೆ, ಇನ್ನೊಂದು ಹಿಂದೆ ಇದ್ದರೆ ತಪ್ಪಾಗಿ ಕೂರಿಸಿದ್ದಾರೆ ಅಂತ ಜಗಳ ತೆಗೆಯಬೇಡಿ. ಆಕ್ಸಲ್ ಕುಪ್ಪಳಿಸದಿರಲಿ ಅಂತ ತಯಾರಕರೇ ಹಾಗೆ ಇಟ್ಟಿರುತ್ತಾರೆ.

ಪ್ರಶ್ನೆ: ಲೀಫ್ ಸ್ಪ್ರಿಂಗ್ ಜೊತೆಗೆ ಏರ್ ಬ್ಯಾಗ್, ಅಂದರೆ ಸ್ಪ್ರಿಂಗಿನ ಕೆಲಸ ಮಾಡುವ ಗಾಳಿ ತುಂಬಿದ ರಬ್ಬರ್ ಚೀಲ, ಹಾಕಿಸಿದರೆ ಬಸ್ಸಿನ ಹಾಗೆ ತೇಲುತ್ತದೆಯೆ?

ಉತ್ತರ: ಇಲ್ಲ. ಇರುವ ಸ್ಪ್ರಿಂಗಿನ ಪಕ್ಕದಲ್ಲಿ ಇನ್ನೊಂದು ಸ್ಪ್ರಿಂಗ್ ಇಟ್ಟರೆ ಗಡಸುತನ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅದಿರುವುದು ಲೋಡ್ ಹಾಕಿದಾಗ ಕುಸಿಯುವ ಹಿಂಭಾಗವನ್ನು ಮಟ್ಟಕ್ಕೆ ತರಲು. ಆ ಕೆಲಸಕ್ಕೆ ಒಳ್ಳೆಯದೇ. ಬಸ್ಸಿನಲ್ಲಿ ಲೀಫ್ ಸ್ಪ್ರಿಂಗ್ ತೆಗೆದು, ಆಕ್ಸಲ್ ಹಿಡಿಯಲು ಬೇರೆ ರಾಡುಗಳನ್ನು ಕೊಟ್ಟು, ಭಾರವನ್ನೆಲ್ಲ ಗಾಳಿಯ ಮೇಲೆಯೇ ಬಿಟ್ಟಿರುತ್ತಾರೆ. ಜನ ಹತ್ತಿದಂತೆ ಗಾಳಿ ಏರುತ್ತದೆ, ಗಡಸುತನವೂ ಏರುತ್ತದೆ. ಹಾಗಾಗಿ ಖಾಲಿಯಿರಲಿ ತುಂಬಿರಲಿ ಕುಣಿತ ಒಂದೇ. ಬ್ಯಾಗ್ ಈಗಾಗಲೇ ಹಾಕಿಸಿದ್ದರೆ ಖಾಲಿ ಇದ್ದಾಗ ಅದರ ತಯಾರಕರು ಹೇಳಿದ ಕನಿಷ್ಠ ಒತ್ತಡದಲ್ಲಿಡಿ. ಪೂರ್ತಿ ಬಿಟ್ಟರೆ ರಬ್ಬರ್ ಮಡಚಿ ಕಚ್ಚಿ ತೂತಾಗುತ್ತದೆ.

ಮೆತ್ತಗಿನ ಸವಾರಿಯೇ ಮುಖ್ಯವಾದರೆ ಹೊಸ ಗಾಡಿ ಕೊಳ್ಳುವಾಗಲೇ ಯೋಚಿಸಬೇಕು. ಉದಾಹರಣೆಗೆ, 2014ರ ಮಾದರಿಯಿಂದ ಅಮೆರಿಕದ ರ್‍ಯಾಮ್ 2500 ಪಿಕಪ್ಪಿನ ಹಿಂಭಾಗಕ್ಕೆ ಲೀಫ್ ಬದಲು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಬಂತು. ಹೆಚ್ಚು ಭಾರ ಹೊರುವ 3500ಕ್ಕೆ ಲೀಫ್ ಸ್ಪ್ರಿಂಗೇ ಉಳಿಯಿತು.

ಪ್ರಶ್ನೆ: ಹಿಂದೆ ಮರಳಿನ ಮೂಟೆ ಹಾಕಿಕೊಂಡು ಓಡಾಡಿದರೆ ಆಗದೆ?

ಉತ್ತರ: ಆಗುತ್ತದೆ. ಮೇಲಿನ ಲೆಕ್ಕದ ಗಾಡಿಗೆ 200 ಕಿಲೋ ಹಾಕಿದರೆ 2.5 ಇದ್ದದ್ದು ಸುಮಾರು 2.2ಕ್ಕೆ ಇಳಿಯುತ್ತದೆ. ಆ ಸಣ್ಣ ಲಾಭಕ್ಕೆ ದಿನವೂ ಅಷ್ಟು ಭಾರ ಹೊತ್ತು ಡೀಸೆಲ್ ಸುಡಬೇಕು. ಹಾಕುವುದೇ ಆದರೆ ಆಕ್ಸಲಿನ ನೇರಕ್ಕಿಟ್ಟು ಬಿಗಿಯಾಗಿ ಕಟ್ಟಿ. ಬ್ರೇಕ್ ಒತ್ತಿದಾಗ ಮೂಟೆ ಮುಂದಕ್ಕೆ ನುಗ್ಗಬಾರದು.

ಪ್ರಶ್ನೆ: ಗಂಟೆಗೆ 80 ಕಿಲೋಮೀಟರ್ ಹತ್ತಿರ ಬಂದಾಗ ಮಾತ್ರ ಸೀಟು ನಡುಗುತ್ತದೆ, ಮೇಲೆ ಹೋದರೆ ನಿಲ್ಲುತ್ತದೆ. ಯಾವ ಸಸ್ಪೆನ್ಷನ್ ಹಾಕಿಸಲಿ?

ಉತ್ತರ: ಯಾವುದೂ ಬೇಡ. ಒಂದೇ ವೇಗದಲ್ಲಿ ಬಂದು ಹೋಗುವ ನಡುಕ ರಸ್ತೆಯಿಂದ ಬಂದದ್ದಲ್ಲ, ತಿರುಗುವ ಸಾಮಾನಿನದು. ಚಕ್ರಗಳ ಬ್ಯಾಲೆನ್ಸ್ ನೋಡಿಸಿ, ರಿಮ್ ಸೊಟ್ಟಗಾಗಿದೆಯೇ ತಿರುಗಿಸಿ ನೋಡಿ. ಎತ್ತರ ಮಾಡಲು ಹಿಂದಿನ ಸ್ಪ್ರಿಂಗಿನ ಕೆಳಗೆ ಬ್ಲಾಕ್ ಕೊಡಿಸಿದ್ದೀರಾ ಅನ್ನುವುದನ್ನು ನೀವು ಬರೆದಿಲ್ಲ. ಕೊಡಿಸಿದ್ದರೆ, ಎಂಜಿನ್ನಿನ ತಿರುಗುವ ಬಲವನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿರುತ್ತದೆ, ಮೊದಲು ಅದನ್ನೂ ಅದರ ತುದಿಯ ಯೂನಿವರ್ಸಲ್ ಜಾಯಿಂಟನ್ನೂ ನೋಡಿಸಿ.